ಕೂಡಿಸುವ ಮುನ್ನ ಅಳತೆ: ಸಹಕಾರ ಸಂಘದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ಮೂವತ್ತು ಮಂದಿ ರೈತರು ಸಂಘ ಕಟ್ಟಿ ಒಂದು ಕೊಯ್ಲು ಯಂತ್ರ ಕೊಳ್ಳಬೇಕೆಂದಿದ್ದೇವೆ. ಒಟ್ಟು ಜಮೀನು 110 ಎಕರೆ. ಬೆಳೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮಾಗುತ್ತದೆ. ಒಂದು ಯಂತ್ರ ಸಾಕೇ? ಮೊದಲು ಯಾರ ಹೊಲ?

ಉತ್ತರ: ಸಾಲುವುದು ಕಷ್ಟ. ಲೆಕ್ಕ ಹಾಕಿ ನೋಡಿ. ಕೊಯ್ಯುವ ಅಗಲ 2.1 ಮೀಟರ್, ವೇಗ ಗಂಟೆಗೆ 3 ಕಿ.ಮೀ. ಎಂದಿಟ್ಟುಕೊಂಡರೆ ಗಂಟೆಗೆ 6,300 ಚದರ ಮೀಟರ್ ಆಯಿತು. ಆದರೆ ಬದುವಿನ ಹತ್ತಿರ ತಿರುಗಿಸುವುದು, ಕಾಳು ಇಳಿಸುವುದು, ಸಿಕ್ಕಿಕೊಂಡ ಹುಲ್ಲು ಬಿಡಿಸುವುದು, ಇದಕ್ಕೆಲ್ಲ ಹೊತ್ತು ಹೋಗಿ ಕೈಗೆ ಸಿಗುವುದು ಅದರ ಶೇ. 70ರಷ್ಟು. ಅಂದರೆ ಗಂಟೆಗೆ ಒಂದು ಎಕರೆಗಿಂತ ತುಸು ಹೆಚ್ಚು, 8 ಗಂಟೆಯ ದಿನಕ್ಕೆ ಎಂಟೂವರೆ ಎಕರೆ. ಮಾಗಿದ ಬೆಳೆ 12 ದಿನ ನಿಲ್ಲುತ್ತದೆ ಎನ್ನಿ. ಮಳೆಗೂ ರಿಪೇರಿಗೂ 3 ದಿನ ಬಿಡಿ. ಉಳಿದ 9 ದಿನಗಳಲ್ಲಿ 75 ಎಕರೆ ಮುಗಿದರೆ ಹೆಚ್ಚು. ಮಿಕ್ಕ 35 ಎಕರೆಯವರ ಕಾಳು ಹೊಲದಲ್ಲೇ ಉದುರುತ್ತದೆ, ಸಂಘದಲ್ಲಿ ಮೊದಲ ಬಿರುಕು ಅಲ್ಲೇ ಬೀಳುತ್ತದೆ. ಆದ್ದರಿಂದ 75 ಎಕರೆಗೆ ನಿಲ್ಲಿಸಿ, ಇಲ್ಲವೇ ಒಂದಷ್ಟು ಮಂದಿ ಬೇಗ ಮಾಗುವ ತಳಿ ಬಿತ್ತಲು ಮೊದಲೇ ಒಪ್ಪಿಕೊಳ್ಳಲಿ. ನಮ್ಮ ಮತ ಎರಡನೆಯದಕ್ಕೆ, ಏಕೆಂದರೆ ಯಂತ್ರ ಹೆಚ್ಚು ದಿನ ದುಡಿಯುತ್ತದೆ.

ಸರದಿಯನ್ನು ತೇವಾಂಶ ಮಾಪಕ ಹೇಳಲಿ. ಯಾರ ಕಾಳು ಮೊದಲು ಹದಕ್ಕೆ ಬಂತೋ ಅವರ ಹೊಲ ಮೊದಲು. ಒಂದೇ ದಿನ ಹದಕ್ಕೆ ಬಂದವರ ನಡುವೆ ಚೀಟಿ ಎತ್ತಿ, ಮುಂದಿನ ವರ್ಷ ಅದೇ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ನಡೆಸಿ. ಪದಾಧಿಕಾರಿಗಳ ಹೊಲ ಒಂದೇ ಒಂದು ಸಲ ಸರದಿ ಹಾರಿದರೂ ಆಮೇಲೆ ಯಾರೂ ಪಟ್ಟಿಗೆ ಬೆಲೆ ಕೊಡುವುದಿಲ್ಲ.

ಪ್ರಶ್ನೆ: ಯಂತ್ರ ಓಡಿದ ಗಂಟೆಗಷ್ಟೇ ಹಣ ಪಡೆದರೆ ಆಗದೇ?

ಉತ್ತರ: ಆಗದು. ಸಾಲದ ಬಡ್ಡಿ, ವಿಮೆ, ಕಾಲ ಕಳೆದಂತೆ ಆಗುವ ಸವಕಳಿ, ಇವು ಯಂತ್ರ ಶೆಡ್ಡಿನಲ್ಲಿ ನಿಂತಿದ್ದರೂ ಬರುವ ಖರ್ಚು. ಇವನ್ನು ಪ್ರತಿ ಸದಸ್ಯರು ಈ ಯಂತ್ರದಿಂದಲೇ ಕೊಯ್ಯಿಸುತ್ತೇವೆಂದು ಬರೆದುಕೊಟ್ಟ ಎಕರೆಯ ಮೇಲೆ ಹಂಚಿ, ಬಳಸಲಿ ಬಿಡಲಿ ವಸೂಲು ಮಾಡಿ. ಷೇರು ಹಣವೂ ಅದೇ ಪ್ರಮಾಣದಲ್ಲಿರಲಿ: 5 ಎಕರೆಯವರು ಒಂದು ಪಾಲು ಹಾಕಿದರೆ 10 ಎಕರೆಯವರು ಎರಡು. ಡೀಸೆಲ್, ಚಾಲಕರ ಕೂಲಿ, ಬೆಲ್ಟು, ಬ್ಲೇಡು ಮಾತ್ರ ಗಂಟೆ ಲೆಕ್ಕಕ್ಕೆ. ಎಲ್ಲವನ್ನೂ ಗಂಟೆಗೇ ಕಟ್ಟಿದರೆ, ನಾಲ್ಕು ಮಂದಿ ಹೊರಗಿನ ಯಂತ್ರ ಕರೆಸಿಕೊಂಡ ವರ್ಷ ಅವರ ಪಾಲಿನ ಬಡ್ಡಿಯೂ ಉಳಿದವರ ತಲೆಗೆ ಬೀಳುತ್ತದೆ.

ಜಗಳ ಹೆಚ್ಚಾಗಿ ಹುಟ್ಟುವುದು ಗಂಟೆ ಮೀಟರಿನ ಕೊನೆಯ ಅಂಕಿಯಲ್ಲಿ. ಬಿಂದುವಿನ ನಂತರದ ಅಂಕಿ ನಿಮಿಷವಲ್ಲ, ಗಂಟೆಯ ಹತ್ತನೇ ಒಂದು ಪಾಲು, ಅಂದರೆ 6 ನಿಮಿಷ. ಹೊಲಕ್ಕೆ ಇಳಿಯುವಾಗ 412.3, ಹೊರಬರುವಾಗ 415.8 ಇದ್ದರೆ ಓಡಿದ್ದು ಮೂರೂವರೆ ಗಂಟೆ. ಅದನ್ನು ‘3 ಗಂಟೆ 5 ನಿಮಿಷ’ ಎಂದು ಬರೆದುಕೊಂಡವರು ತಮಗೆ ಮೋಸವಾಯಿತೆಂದೇ ನಂಬುತ್ತಾರೆ. ಬದುವಿನ ಮೇಲೆ ನಿಂತೇ ಚಾಲಕರೂ ಹೊಲದವರೂ ಎರಡೂ ಸಲ ಮೀಟರು ನೋಡಿ ಪುಸ್ತಕಕ್ಕೆ ಸಹಿ ಹಾಕಲಿ.

ಪ್ರಶ್ನೆ: ನನ್ನ ಗಟ್ಟಿ ಹಾಲು, ಇನ್ನೊಬ್ಬರ ನೀರು ಹಾಲು ಒಂದೇ ಕ್ಯಾನಿಗೆ. ಇದು ನ್ಯಾಯವೇ?

ಉತ್ತರ: ಸುರಿಯುವ ಮೊದಲು ಅಳೆದಿದ್ದರೆ ನ್ಯಾಯ. 1890ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀಫನ್ ಬಾಬ್‌ಕಾಕ್ ಹಾಲಿನ ಕೊಬ್ಬನ್ನು ಸುಲಭವಾಗಿ ಅಳೆಯುವ ವಿಧಾನ ಕಂಡುಹಿಡಿದರು. ಅದಕ್ಕೂ ಮುಂಚೆ ಹಾಲಿಗೆ ಹಣ ಸಿಗುತ್ತಿದ್ದದ್ದು ಹೆಚ್ಚಾಗಿ ತೂಕದ ಮೇಲೆ. ನೀರು ಬೆರೆಸಿದವರಿಗೇ ಲಾಭ. ಇಂದು ಕೊಬ್ಬು ಮತ್ತು ಕೊಬ್ಬೇತರ ಘನಾಂಶ (ನೀರು, ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಪ್ರೋಟೀನ್, ಸಕ್ಕರೆ, ಲವಣ) ಎರಡನ್ನೂ ನೋಡಿ ಹಣ ಕೊಡುವುದು ಸರಿಯಾದ ಕ್ರಮ. 10 ಕಿಲೋ ಹಾಲಿನಲ್ಲಿ ಶೇ. 4 ಕೊಬ್ಬಿದ್ದರೆ 400 ಗ್ರಾಂ, ಶೇ. 3 ಇದ್ದರೆ 300 ಗ್ರಾಂ.

ತಪ್ಪಾಗುವುದು ಮಾದರಿ ತೆಗೆಯುವಾಗ. ನಿಂತ ಹಾಲಿನಲ್ಲಿ ಕೆನೆ ಮೇಲೇರುತ್ತದೆ. ಮೇಲಿನಿಂದ ತೆಗೆದರೆ ಕೊಬ್ಬು ಹೆಚ್ಚು ತೋರುತ್ತದೆ, ತಳದಿಂದ ತೆಗೆದರೆ ಕಡಿಮೆ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಮೂರು ಸಲ ಸುರಿದು, ನೊರೆ ಇಳಿದ ಮೇಲೆ ತೆಗೆಯಿರಿ.

ಪ್ರಶ್ನೆ: ಹೆಚ್ಚು ಮಾಲು ಹಾಕುವವರು ಹೆಚ್ಚು ಮತ ಕೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ, ಮಿಗತೆಯಲ್ಲಿ, ಅಂದರೆ ಖರ್ಚೆಲ್ಲ ಕಳೆದು ಸಂಘಕ್ಕೆ ಉಳಿದ ಹಣದಲ್ಲಿ, ಪಾಲು ಕೊಡಿ. 1882ರಲ್ಲಿ ಡೆನ್ಮಾರ್ಕಿನ ಯೆಡಿಂಗ್‌ನಲ್ಲಿ ಆರಂಭವಾದ ಸಹಕಾರಿ ಡೇರಿಯ ಹಾದಿಯಲ್ಲಿ ಬಂದ ಸಂಘಗಳು ಮತವನ್ನು ಹಸುಗಳ ಲೆಕ್ಕದಲ್ಲಿ ಕೊಡದೆ ತಲೆಗೊಂದರಂತೆ ಕೊಟ್ಟವು. ಮಿಗತೆ 100 ಪಾಲು ಎನ್ನಿ. ಸಭೆ 25 ಮೀಸಲು ನಿಧಿಗೆ, 10 ಷೇರಿನ ಬಡ್ಡಿಗೆ ಇಟ್ಟರೆ ಉಳಿದ 65 ವಹಿವಾಟಿನ ಪ್ರಮಾಣಕ್ಕೆ. ಶೇ. 4ರಷ್ಟು ಮಾಲು ಹಾಕಿದವರಿಗೆ 2.6 ಪಾಲು.

ಪ್ರಶ್ನೆ: ಬೆಲೆ ಏರಿದ ದಿನ ಸದಸ್ಯರು ಹೊರಗೆ ಮಾರಿಬಿಡುತ್ತಾರೆ. ದಂಡ ಹಾಕೋಣವೇ?

ಉತ್ತರ: ದಂಡಕ್ಕೆ ಮುಂಚೆ ನಿಮ್ಮ ಪಾವತಿ ಎಷ್ಟು ದಿನ ತಡವಾಗುತ್ತಿದೆ ನೋಡಿ. ಎರಡು ತಿಂಗಳು ಕಾಯಿಸಿದರೆ, ಕೈಯಲ್ಲಿ ನಗದು ಹಿಡಿದು ಬಂದವರಿಗೆ ಮಾಲು ಹೋಗುವುದು ಸಹಜ. ತೂಕವಾದ ದಿನವೇ ಮುಕ್ಕಾಲು ಭಾಗ ಮುಂಗಡ, ಮಾರಾಟವಾದ ಮೇಲೆ ಬಾಕಿ ಎಂದು ಮಾಡಿ. ಮುಂಗಡಕ್ಕೆ ಬೇಕಾದ ದುಡಿಯುವ ಬಂಡವಾಳವನ್ನು ಕೊಯ್ಲಿಗೆ ಮೊದಲೇ ಹೊಂದಿಸಿಕೊಳ್ಳಿ. ಇಡೀ ಬೆಳೆಯ ಬದಲು ಇಂತಿಷ್ಟು ಕ್ವಿಂಟಲ್ ಎಂದು ಕರಾರು ಬರೆಸಿಕೊಳ್ಳಿ. ಮನೆಗೂ ಬೀಜಕ್ಕೂ ಬೇಕಾದದ್ದು ಹೊರಗುಳಿಯಲಿ. ಇಷ್ಟು ಮಾಡಿದ ಮೇಲೂ ಕರಾರು ಮುರಿದವರಿಗೆ, ಕೊರತೆಯಾದ ಪ್ರತಿ ಕ್ವಿಂಟಲ್‌ಗೆ ಇಷ್ಟೆಂದು ಸಾಮಾನ್ಯ ಸಭೆ ಮೊದಲೇ ಗೊತ್ತುಮಾಡಿದ ದಂಡವನ್ನು ಬಾಕಿ ಹಣದಲ್ಲೇ ಮುರಿದುಕೊಳ್ಳಿ.