ಅಡ್ಡಹೆಸರು ಒಂದೇ, ಮನೆತನ ಬೇರೆ ಬೇರೆ

ಹಾವೇರಿಯಿಂದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: ‘ನನ್ನ ಮಗ, ಸೊಸೆ ಹವಾಯಿಯ ಹೊನೊಲುಲುವಿನಲ್ಲಿದ್ದಾರೆ. ಅವರ ಬೀದಿಯಲ್ಲಿ ಕೆಅಲೋಹ ಎಂಬ ಅಡ್ಡಹೆಸರಿನ ಮೂರು ಮನೆಗಳಿವೆ. ಮೂರೂ ಮನೆಯವರು ಒಬ್ಬರಿಗೊಬ್ಬರು ನೆಂಟರಲ್ಲವಂತೆ. ಇದು ನಮ್ಮ ಪಾಟೀಲ, ಕುಲಕರ್ಣಿ ಥರ ಹುದ್ದೆಯಿಂದ ಬಂದ ಹೆಸರೋ, ಬ್ಯಾಡಗಿ ಥರ ಊರಿಂದ ಬಂದದ್ದೋ? ಇನ್ನೊಂದು ಮಾತು. ಬರುವ ತಿಂಗಳು ಹುಟ್ಟಲಿರುವ ಮೊಮ್ಮಗುವಿಗೆ ಅದನ್ನೇ ಮಧ್ಯದ ಹೆಸರಾಗಿ ಇಡಿ ಎಂದು ಪಕ್ಕದ ಮನೆಯ ಅಜ್ಜಿ ಹೇಳುತ್ತಿದ್ದಾರೆ. ಇಡಬಹುದೇ?’

ಸಂಪಾದಕರ ಉತ್ತರ:

ಮಾಸ್ತರರೇ, ಹುದ್ದೆಯೂ ಅಲ್ಲ, ಊರೂ ಅಲ್ಲ. ಕೆಅಲೋಹ ಒಬ್ಬ ಮನುಷ್ಯನ ಸ್ವಂತ ಹೆಸರು. ಅದು ಅಡ್ಡಹೆಸರಾಗಿ ನಿಂತದ್ದು ಒಂದು ಕಾನೂನಿನಿಂದ.

ಮೊದಲು ಅರ್ಥ ನೋಡೋಣ. ‘ಕೆ’ ಎನ್ನುವುದು ಇಂಗ್ಲಿಷಿನ ‘ದ’ ಇದ್ದ ಹಾಗೆ, ನಾಮಪದದ ಮುಂದೆ ಬರುತ್ತದೆ. ‘ಅಲೋಹ’ ನಿಮಗೆ ಗೊತ್ತೇ ಇದೆ. ಪ್ರವಾಸದ ಜಾಹೀರಾತು ಅದನ್ನು ಬರೀ ‘ನಮಸ್ಕಾರ’ ಮಾಡಿಬಿಟ್ಟಿದೆ. ಹವಾಯಿ ಭಾಷೆಯಲ್ಲಿ ಅದು ಪ್ರೀತಿ, ಮರುಕ, ಕರುಣೆ, ಪ್ರೀತಿಪಾತ್ರರು ಎಲ್ಲವೂ ಹೌದು. ಕೆಲವು ಪದಗಳ ಮುಂದೆ ‘ಕೆ’, ಉಳಿದವುಗಳ ಮುಂದೆ ‘ಕ’ ಬರುತ್ತದೆ. ಅಲ್ಲಿನ ಅಡ್ಡಹೆಸರುಗಳಲ್ಲಿ ಕಕಾರವೇ ಜಾಸ್ತಿ ಕಾಣುವುದು ಇದರಿಂದ. ಕಲಾಮ ಅಂದರೆ ದೀವಟಿಗೆ, ಕಮಾಕ ಅಂದರೆ ಕಣ್ಣು, ಕೆಅಲಿಇ ಅಂದರೆ ದೊರೆ. ಉದ್ದ ಹೆಸರು ಕಂಡು ಹೆದರಬೇಕಿಲ್ಲ, ಬಿಡಿಸಿದರೆ ಸಲೀಸು. ಗಾಯಕ ಇಸ್ರೇಲ್ ಕಮಾಕವಿವೊಓಲೆ ಅವರ ಹೆಸರನ್ನು ‘ಕ ಮಾಕ ವಿವೊ ಓಲೆ’ ಎಂದು ಬಿಡಿಸಿಕೊಳ್ಳಿ: ಅಂಜಿಕೆಯಿಲ್ಲದ ಕಣ್ಣು.

ಈಗ ನೆಂಟಸ್ತಿಕೆಯ ಪ್ರಶ್ನೆ. ಹಳೆಯ ಹವಾಯಿಯಲ್ಲಿ ಅಡ್ಡಹೆಸರೇ ಇರಲಿಲ್ಲ. ಒಬ್ಬರಿಗೆ ಒಂದು ಹೆಸರು. ಗಂಡನದು ಒಂದು, ಹೆಂಡತಿಯದು ಇನ್ನೊಂದು, ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು. ಹೆಸರು ಕೇಳಿ ಗಂಡೋ ಹೆಣ್ಣೋ ಎಂದು ಹೇಳುವುದೂ ಕಷ್ಟವಿತ್ತು. ಹೆಸರನ್ನು ಸುಮ್ನೆ ಇಡುತ್ತಿರಲಿಲ್ಲ. ಮನೆಯ ಹಿರಿಯರಿಗೆ ಕನಸಿನಲ್ಲಿ ಬಂದ ಹೆಸರಿಗೆ ‘ಇನೋವ ಪೋ’ ಎನ್ನುತ್ತಿದ್ದರು, ಅಂದರೆ ರಾತ್ರಿಯ ಹೆಸರು. ಅದನ್ನು ಇಡದೇ ಹೋದರೆ ಮಗುವಿಗೆ ಕೇಡು ಎಂಬ ನಂಬಿಕೆ ಇತ್ತು. ಮಗು ಹುಟ್ಟಿದಾಗ ಏನು ನಡೆದಿತ್ತೋ ಅದರ ನೆನಪಿಗೆ ಇಟ್ಟ ಹೆಸರುಗಳೂ ಇದ್ದವು.

ಇದಕ್ಕೆ ದೊಡ್ಡ ಉದಾಹರಣೆ ಹವಾಯಿಯ ಕೊನೆಯ ರಾಣಿ. 1838ರಲ್ಲಿ ಆಕೆ ಹುಟ್ಟಿದಾಗ ಕಿನಾಉ ಎಂಬ ದೊಡ್ಡ ಮನೆತನದ ಹೆಂಗಸಿಗೆ ಕಣ್ಣುಬೇನೆ ಬಂದಿತ್ತು. ಹೆಸರಿಡುವ ಹಕ್ಕು ಆಕೆಯದು. ಲಿಲಿಉ, ಲೊಲೊಕು, ವಲನಿಯ, ಕಮಾಕಎಹ ಎಂದು ಹೆಸರಿಟ್ಟಳು. ಉರಿ, ಕಣ್ಣೀರು, ಸುಡುವ ನೋವು, ನೋಯುವ ಕಣ್ಣು. ಹಸುಗೂಸಿಗೆ ಇಂಥ ಹೆಸರೇ ಎಂದು ನಮಗೆ ಅನ್ನಿಸಬಹುದು, ಅಲ್ವಾ? ಅವರಿಗೆ ಅದು ಸಹಜ. ಹಿರಿಯರ ನೋವು ಮಗುವಿನ ಹೆಸರಿನಲ್ಲಿ ದಾಖಲಾಯಿತು. ಆ ಮಗುವೇ ಮುಂದೆ ರಾಣಿ ಲಿಲಿಉಓಕಲಾನಿ ಆಗಿ, 1893ರಲ್ಲಿ ಸಿಂಹಾಸನ ಕಳೆದುಕೊಂಡಳು.

ಇಂಥ ನಾಡಿಗೆ 1820ರಲ್ಲಿ ಅಮೆರಿಕದ ಮಿಷನರಿಗಳು ಬಂದರು. 1840ರಲ್ಲಿ ಸಂವಿಧಾನ, 1848ರಲ್ಲಿ ಭೂಮಿ ಹಂಚಿಕೆ. ರಾಜ್ಯ ಒಂದೊಂದಾಗಿ ಪಾಶ್ಚಾತ್ಯ ಪದ್ಧತಿಗೆ ಹೊಂದಿಕೊಳ್ಳುತ್ತಾ ಹೋಯಿತು. 1860ರ ಆಗಸ್ಟ್ 24ರಂದು ದೊರೆ ನಾಲ್ಕನೇ ಕಮೆಹಮೆಹ ಹೆಸರುಗಳ ಕಾನೂನಿಗೆ ಸಹಿ ಹಾಕಿದ. ಮದುವೆಯಾದ ಹೆಂಗಸು ಗಂಡನ ಹೆಸರನ್ನು ಮನೆತನದ ಹೆಸರಾಗಿ ತೆಗೆದುಕೊಳ್ಳಬೇಕು. ಮಕ್ಕಳಿಗೆ ಅಪ್ಪನ ಹೆಸರು ಅಡ್ಡಹೆಸರಾಗಬೇಕು. ಜೊತೆಗೆ ಗಂಡಿಗೆ ಗಂಡಿನದು, ಹೆಣ್ಣಿಗೆ ಹೆಣ್ಣಿನದು ಎಂಬಂತೆ ಒಂದು ಕ್ರೈಸ್ತ ಹೆಸರೂ ಬೇಕು.

ಇದರ ಪರಿಣಾಮವನ್ನು ಒಂದು ಮನೆಯಲ್ಲಿಟ್ಟು ನೋಡಿ. ಅಣ್ಣನ ಹೆಸರು ಕೆಅಲೋಹ, ತಮ್ಮನ ಹೆಸರು ಕಮಾಕ ಎಂದಿಟ್ಟುಕೊಳ್ಳಿ. ಅಣ್ಣನ ಮಕ್ಕಳೆಲ್ಲಾ ಕೆಅಲೋಹ ಆದರು, ತಮ್ಮನ ಮಕ್ಕಳೆಲ್ಲಾ ಕಮಾಕ ಆದರು. ಒಂದೇ ಅಜ್ಜನ ಮೊಮ್ಮಕ್ಕಳಿಗೆ ಎರಡು ಅಡ್ಡಹೆಸರು. ಅದೇ ಹೊತ್ತಿಗೆ ಬೇರೆ ದ್ವೀಪದಲ್ಲಿ, ಯಾವ ಸಂಬಂಧವೂ ಇಲ್ಲದ ಇನ್ನೊಬ್ಬ ಕೆಅಲೋಹನ ಮಕ್ಕಳೂ ಕೆಅಲೋಹ ಆದರು. ನಿಮ್ಮ ಮಗನ ಬೀದಿಯ ಮೂರು ಮನೆಗಳ ಗುಟ್ಟು ಇಷ್ಟೇ. ಅವರ ಅಡ್ಡಹೆಸರು ವಂಶದ ಗುರುತಲ್ಲ, ಆ ಕಾಲದ ಒಬ್ಬ ತಂದೆಯ ಗುರುತು. ನಮ್ಮಲ್ಲೂ ಈಗ ಇದು ನಡೆಯುತ್ತಿದೆ. ಹಳೇ ಮೈಸೂರಿನ ಕಡೆಯವರು ಇನಿಷಿಯಲ್‌ನಲ್ಲಿದ್ದ ಅಪ್ಪನ ಹೆಸರನ್ನು ಪಾಸ್‌ಪೋರ್ಟಿನ ಕೊನೆಯ ಕಾಲಮ್ಮಿಗೆ ಬರೆಸುತ್ತಾರೆ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ಅಜ್ಜನ ಹೆಸರೇ ಅಡ್ಡಹೆಸರಾಗುತ್ತದೆ.

ನನಗೆ ಬೇಸರ ಎನಿಸುವ ಒಂದು ಸಂಗತಿ ಇದೆ. ಕೆಅಲೋಹ ಎಂಬ ಹೆಸರಿನ ಹೆಂಗಸರ ಹೆಸರು ಮದುವೆಯಿಂದ ಹುಟ್ಟಿದ ಮಕ್ಕಳಿಗೆ ದಾಟಲಿಲ್ಲ. ಮದುವೆಯಿಲ್ಲದೆ ಹುಟ್ಟಿದ ಮಕ್ಕಳಿಗೆ ಮಾತ್ರ ಕಾನೂನು ತಾಯಿಯ ಹೆಸರು ಕೊಟ್ಟಿತು. ದೇಶೀ ಹೆಸರುಗಳಿಗೆ ಉಳಿದ ಜಾಗ ಮಧ್ಯದ್ದು. ಮುಂದೆ ಜಾನ್, ಮೇರಿ. ಹಿಂದೆ ಅಪ್ಪನ ಹೆಸರು. ನಡುವೆ ಅಜ್ಜಿಯೋ ಅತ್ತೆಯೋ ಇಟ್ಟ ಹವಾಯಿ ಹೆಸರು. ಕ್ರೈಸ್ತ ಹೆಸರಿನ ಕಡ್ಡಾಯ 1967ರವರೆಗೂ ಇತ್ತು! ಶಾಲೆಗಳಲ್ಲಿ 1896ರಿಂದ ಇಂಗ್ಲಿಷ್ ಮಾಧ್ಯಮವೇ ಕಡ್ಡಾಯವಾಗಿ, ಮನೆಗಳಲ್ಲೂ ಹವಾಯಿ ಮಾತು ಕಡಿಮೆಯಾಯಿತು. ಆ ವರ್ಷಗಳಲ್ಲಿ ಎಷ್ಟೋ ಮನೆಗಳಲ್ಲಿ ಭಾಷೆ ಉಳಿದದ್ದು ಈ ಮಧ್ಯದ ಹೆಸರಿನಲ್ಲಿ, ಅಡ್ಡಹೆಸರಿನಲ್ಲಿ ಮಾತ್ರ. 1978ರಲ್ಲಿ ಹವಾಯಿ ಭಾಷೆ ಮತ್ತೆ ರಾಜ್ಯದ ಅಧಿಕೃತ ಭಾಷೆಯಾಯಿತು.

ಕೆಅಲೋಹ ಎಷ್ಟು ಪ್ರಚಲಿತ ಎಂದೂ ತಿಳಿಯಬೇಕಲ್ಲ. ದೇಶೀ ಹವಾಯಿ ಅಡ್ಡಹೆಸರುಗಳಲ್ಲಿ ಅದು ತುಂಬಾ ಬಳಕೆಯಲ್ಲಿರುವ ಹೆಸರು. 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾದಾಗ ಮೊದಲ ಉಪರಾಜ್ಯಪಾಲರಾದವರು ಜೇಮ್ಸ್ ಕೆಅಲೋಹ. ಆದರೆ ಇಡೀ ರಾಜ್ಯವನ್ನು ತೆಗೆದುಕೊಂಡರೆ ಮುಂದಿರುವುದು ಲೀ, ವಾಂಗ್, ಕಿಮ್‌ನಂಥ ಹೆಸರುಗಳು. ಕಾರಣ ನೋವಿನದು. ಹೊರಗಿನಿಂದ ಬಂದ ಸಿಡುಬು, ದಡಾರ, ಜ್ವರಗಳಿಗೆ ಹವಾಯಿ ಜನ ಗುಂಪುಗುಂಪಾಗಿ ಸತ್ತರು. ಹೆಸರಿನ ಕಾನೂನು ಬಂದ ವರ್ಷ ದ್ವೀಪಗಳ ಒಟ್ಟು ಜನಸಂಖ್ಯೆ ಸುಮಾರು 70 ಸಾವಿರ ಮಾತ್ರ. ಕಬ್ಬಿನ ತೋಟಗಳಿಗೆ ಚೀನಾ, ಜಪಾನ್, ಪೋರ್ಚುಗಲ್, ಕೊರಿಯಾ, ಫಿಲಿಪೀನ್ಸಿನಿಂದ ಕೂಲಿಯವರು ಬಂದರು. ಈಗಂತೂ ಹವಾಯಿ ಮೂಲದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದ್ವೀಪ ಬಿಟ್ಟು ಅಮೆರಿಕದ ಮುಖ್ಯ ಭೂಮಿಯಲ್ಲಿದ್ದಾರೆ. ಮನೆ ಬಾಡಿಗೆ, ಕೆಲಸ, ಖರ್ಚು ಅವರನ್ನು ಕ್ಯಾಲಿಫೋರ್ನಿಯಾ, ಲಾಸ್ ವೇಗಾಸ್‌ಗೆ ಕಳಿಸಿದೆ.

ಉಚ್ಚಾರಣೆ ಬಗ್ಗೆ ಒಂದೇ ಮಾತು: ಕೆ-ಅ-ಲೋ-ಹ. ಪ್ರತಿ ಸ್ವರವನ್ನೂ ಬಿಡಿಯಾಗಿ ಹೇಳಬೇಕು. ‘ಕೀಲೋಹಾ’ ಎಂದರೆ ತಪ್ಪು. ಕನ್ನಡ ನಾಲಿಗೆಗೆ ಇದು ಸುಲಭ.

ಇನ್ನು ಮೊಮ್ಮಗುವಿನ ಹೆಸರು. ಹವಾಯಿ ಮೂಲದವರಲ್ಲದ ಮನೆಗಳಲ್ಲೂ ಅಲ್ಲಿ ಮಕ್ಕಳಿಗೆ ಹವಾಯಿ ಮಧ್ಯದ ಹೆಸರು ಇಡುವುದು ರೂಢಿ. ಇಂಟರ್‌ನೆಟ್ಟಿನ ಪಟ್ಟಿ ನೋಡಿ, ಕೇಳಲು ಚೆಂದ ಎಂದು ಆರಿಸಿದ್ದರೆ ನಾನು ಬೇಡ ಎನ್ನುತ್ತಿದ್ದೆ. ಇಲ್ಲಿ ಹಾಗಲ್ಲ. ಆ ನೆಲದ ಹಿರಿಯರೊಬ್ಬರು ತಾವಾಗಿ ಕೊಡುತ್ತಿದ್ದಾರೆ. ಅವರ ಪದ್ಧತಿಯಲ್ಲಿ ಹೆಸರು ಹಿರಿಯರೇ ಕೊಡುವ ಕಾಣಿಕೆ. ಸಂತೋಷದಿಂದ ಇಡಿ. ಈ ಹೆಸರೇ ಯಾಕೆ ಅಂತ ಮಗ, ಸೊಸೆ ಇಬ್ಬರೂ ಅಜ್ಜಿಯ ಹತ್ತಿರ ಕೂತು ಕೇಳಲಿ. ಯಾರ ನೆನಪಿಗೆ, ಯಾವ ದ್ವೀಪದ ಕೆಅಲೋಹ, ಕನಸಿನಲ್ಲಿ ಏನಾದರೂ ಕಂಡರೇ? ಅವರು ಹೇಳಿದ್ದನ್ನು ಜನನ ಪ್ರಮಾಣಪತ್ರದ ಜೊತೆಗೆ ಒಂದು ಹಾಳೆಯಲ್ಲಿ ಬರೆದಿಡಲಿ, ಕನ್ನಡದಲ್ಲೂ ಬರೆದಿಡಲಿ. ಮಗುವಿಗೆ ಓದು ಬಂದಾಗ ಬೇಕಾಗುತ್ತದೆ.