ಪಾಪುವಿನ ಪಾಸ್‌ಪೋರ್ಟ್ ಫೋಟೊ: ಕುಲಾವಿ ತೆಗೆಯಿರಿ, ಬೊಟ್ಟು ಒರೆಸಿ

ಐದು ತಿಂಗಳ ಮಗಳ ಫೋಟೊ ನೋಡಿ ಕೌಂಟರಿನಲ್ಲಿ "ಇದು ನಡೆಯಲ್ಲ, ಬೇರೆ ತನ್ನಿ" ಅಂದರು, ಯಾಕೆ ಅಂತ ಹೇಳಲಿಲ್ಲ ಎಂದು ಬರೆದಿದ್ದೀರಿ. ನಾನು ಮೈಸೂರಿನಲ್ಲಿ ಸ್ಟುಡಿಯೊ ಇಟ್ಟುಕೊಂಡವನು. 2017ರಲ್ಲಿ ಇಲ್ಲಿನ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ಶುರುವಾದ ಮೇಲಂತೂ ಕೂಸು ಎತ್ತಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ತಿಳಿನೀಲಿ ಹಿನ್ನೆಲೆ, ತಲೆಗೆ ಕುಲಾವಿ, ಕೆನ್ನೆ ಮೇಲೆ ದೃಷ್ಟಿಬೊಟ್ಟು. ಮೂರೂ ಆಗದು.

ದೊಡ್ಡವರಿಗಾದರೆ ಫೋಟೊದ ಚಿಂತೆಯೇ ಇಲ್ಲ, ಕೇಂದ್ರದಲ್ಲೇ ಕೂರಿಸಿ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳದ್ದನ್ನು ಮಾತ್ರ ನಾವೇ ಪ್ರಿಂಟ್ ಹಾಕಿಸಿ ಒಯ್ಯಬೇಕು. 4.5 ಸೆಂ.ಮೀ. ಎತ್ತರ, 3.5 ಸೆಂ.ಮೀ. ಅಗಲ, ಕಲರ್, ಹಿನ್ನೆಲೆ ಬಿಳಿ.

ಬೊಟ್ಟಿನ ವಿಷಯಕ್ಕೆ ನಮ್ಮ ಸ್ಟುಡಿಯೊದಲ್ಲಿ ಅಜ್ಜಿಯರ ಜೊತೆ ಆಗಾಗ ಸಣ್ಣ ಪಂಚಾಯಿತಿ ನಡೆಯುತ್ತದೆ. ಕೆನ್ನೆ ಮೇಲಿನ ಕಪ್ಪು ಚುಕ್ಕೆ ಫೋಟೊದಲ್ಲಿ ಮಚ್ಚೆಯ ಹಾಗೇ ಕಾಣುತ್ತದೆ. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದು ವರ್ಷ, ಅಷ್ಟು ದಿನ ಇಲ್ಲದ ಮಚ್ಚೆ ಹೊತ್ತುಕೊಂಡು ತಿರುಗಬೇಕು. "ಫೋಟೊ ಆಗಲಿ ಅಮ್ಮ, ಆಮೇಲೆ ಎಷ್ಟು ದೊಡ್ಡದು ಬೇಕೋ ಇಡಿ" ಅನ್ನುತ್ತೇನೆ. ಬೊಟ್ಟನ್ನು ಕೊಬ್ಬರಿ ಎಣ್ಣೆಯಲ್ಲಿ ಒರೆಸಿದರೆ ಮುಖ ಮಿಂಚಿ ಬೆಳಕು ಹೊಡೆಯುತ್ತದೆ, ಮೇಲೆ ಒಂದು ಸಲ ಒದ್ದೆ ಬಟ್ಟೆ ಆಡಿಸಿ. ಹುಬ್ಬಿಗೆ ತೀಡಿದ ಕಾಡಿಗೆಯೂ ಬೇಡ.

ಇನ್ನು ತೆಗೆಯುವ ಬಗೆ. ಕತ್ತು ನಿಲ್ಲದ ಮಗುವನ್ನು ಕೂರಿಸಲು ಹೋಗಬೇಡಿ. ವರಾಂಡದಂಥ, ಬೆಳಕು ಚೆನ್ನಾಗಿದ್ದು ಬಿಸಿಲು ಬೀಳದ ಜಾಗದಲ್ಲಿ ನೆಲಕ್ಕೆ ಹಾಸಿಗೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಬೆಡ್‌ಶೀಟ್ ಎಳೆದು ಕಟ್ಟಿ. ಮಡಿಕೆಗಳು ಗೆರೆಯಾಗಿ ಕಾಣುತ್ತವೆ, ಇಸ್ತ್ರಿ ತಪ್ಪಿಸಬೇಡಿ. ಮಗುವಿಗೆ ಬಣ್ಣದ ಅಂಗಿ ಹಾಕಿ ಅದರ ಮೇಲೆ ಅಂಗಾತ ಮಲಗಿಸಿ. ಬಿಳಿ ಜುಬ್ಬ ಹಾಕಿದರೆ ತಲೆಯೊಂದೇ ತೇಲುತ್ತಿರುವಂತೆ ಬರುತ್ತದೆ. ಮಗುವಿನ ಮೇಲೆ ನಿಮ್ಮ ನೆರಳು ಬೀಳದಂತೆ ನಿಂತುಕೊಂಡೇ ತೆಗೆಯಿರಿ, ಬಗ್ಗಬೇಡಿ. ಮೊಬೈಲನ್ನು ಮುಖದ ಹತ್ತಿರ ಒಯ್ದರೆ ಮೂಗು ದಪ್ಪ, ಕಿವಿ ಮಾಯ. ಫ್ಲ್ಯಾಶ್ ಆಫ್, ಬ್ಯೂಟಿ ಆಫ್, ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಕೂಡ ಆಫ್.

ಹಾಲು ಕುಡಿದು, ಒಂದು ನಿದ್ದೆ ತೆಗೆದು ಎದ್ದ ಹೊತ್ತೇ ಒಳ್ಳೆಯದು. ಗಿಲಕಿಯನ್ನು ಇನ್ನೊಬ್ಬರು ಕ್ಯಾಮೆರಾಗೆ ತಾಗಿಸಿದ ಹಾಗೇ ಹಿಡಿದು ಒಂದೇ ಸಲ ಅಲ್ಲಾಡಿಸಬೇಕು. ಹೊಸ ಸದ್ದು ಕೇಳಿದ ಕೂಡಲೇ ಮಗು ಕೈಕಾಲು ಆಡಿಸುವುದನ್ನು ಬಿಟ್ಟು, ಬಾಯಿ ಮುಚ್ಚಿ ಕಣ್ಣರಳಿಸಿ ನೋಡುತ್ತದೆ. ಆಮೇಲೆ ನಗುತ್ತದೆ ಇಲ್ಲವೇ ಅಳುತ್ತದೆ, ಎರಡೂ ನಮಗೆ ಬೇಡ. ಹಾಗಾಗಿ ಸದ್ದಿಗೆ ಮುಂಚೆಯೇ ಬಟನ್ ಒತ್ತಿ ಹಿಡಿದು ಸಾಲಾಗಿ ತೆಗೆಯುತ್ತ ಹೋಗಿ. ಕಣ್ಣೆರಡೂ ತೆರೆದು ನೇರ ನೋಡುತ್ತಿರಬೇಕು. ಹಿಡಿದವರ ಬೆರಳು, ಆಟಿಕೆ, ನಿಪ್ಪಲ್ ಯಾವುದೂ ಚೌಕಟ್ಟಿನೊಳಗೆ ಬರಬಾರದು.

ಪ್ರಿಂಟಿಗೆ ಕಳಿಸುವಾಗ ವಾಟ್ಸ್‌ಆಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಕುಗ್ಗಿದ ಚಿತ್ರವೇ ನಮ್ಮ ಕೈಗೆ ಸಿಗುವುದು. "ಟಚಿಂಗ್ ಬೇಡ, ಬೆಳ್ಳಗೆ ಮಾಡಬೇಡಿ" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ನಮ್ಮವರ ಕೈ ಸುಮ್ಮನಿರುವುದಿಲ್ಲ! ನೀಲಿ ಹಿನ್ನೆಲೆಯ ಹಳೇ ಫೋಟೊವನ್ನೇ ಕಂಪ್ಯೂಟರಿನಲ್ಲಿ ಬಿಳಿ ಮಾಡಿಸುವ ಯೋಚನೆಯಿದ್ದರೆ ಬಿಡಿ. ಮಕ್ಕಳ ನವಿರು ಕೂದಲಿನ ಅಂಚು ಕತ್ತರಿಯಲ್ಲಿ ಕತ್ತರಿಸಿದಂತೆ ಆಗುತ್ತದೆ, ಒಮ್ಮೊಮ್ಮೆ ಅರ್ಧ ಕಿವಿಯೂ ಹೋಗಿರುತ್ತದೆ. ನಾಲ್ಕು-ಆರು ಇಂಚಿನ ಹಾಳೆಯಲ್ಲಿ ಎಂಟು ಪ್ರತಿ ಬರುತ್ತವೆ, ಅಷ್ಟೂ ಜೊತೆಗಿರಲಿ. ಫೋಟೊ ಒಯ್ದರೂ ಮಗುವನ್ನು ಕರೆದುಕೊಂಡೇ ಹೋಗಬೇಕು.

ಹೊರದೇಶದಲ್ಲಿರುವ ಕನ್ನಡಿಗರೂ ಇದನ್ನು ಓದುತ್ತಿದ್ದರೆ ಒಂದು ಮಾತು. 2025ರ ಸೆಪ್ಟೆಂಬರಿನಿಂದ ಅಲ್ಲಿನ ಭಾರತೀಯ ರಾಯಭಾರ ಕಚೇರಿಗಳು 630×810 ಪಿಕ್ಸೆಲ್ ಫೋಟೊ ಕೇಳುತ್ತಿವೆ, ಅದರಲ್ಲಿ ಮುಖವೇ ಶೇಕಡಾ 80–85 ಭಾಗ ತುಂಬಿರಬೇಕು.

ಮುಂದೆ ಅಮೆರಿಕದ ಅಜ್ಜಿ ಮನೆಗೆ ಹೋಗುವುದಿದೆ ಅಂದಿದ್ದೀರಿ. ಆ ವೀಸಾಕ್ಕೆ ಈ ಫೋಟೊ ಆಗುವುದಿಲ್ಲ. ಅವರದ್ದು ಎರಡು ಇಂಚಿನ ಚೌಕ, ಗಲ್ಲದಿಂದ ನೆತ್ತಿಯವರೆಗೆ 25ರಿಂದ 35 ಮಿ.ಮೀ. ಇರಬೇಕು. ಅಪ್‌ಲೋಡ್ ಮಾಡುವ ಫೈಲ್ 600ರಿಂದ 1200 ಪಿಕ್ಸೆಲ್‌ನ ಚೌಕ, 240 ಕೆಬಿ ದಾಟಬಾರದು. ತೆಗೆದು ಆರು ತಿಂಗಳು ಮೀರಿರಬಾರದು. ಅರ್ಜಿ ಅಷ್ಟರೊಳಗೆ ಹಾಕುವುದಾದರೆ ಇದೇ ದಿನ ಸುತ್ತ ಬಿಳಿ ಜಾಗ ಧಾರಾಳವಾಗಿ ಬಿಟ್ಟು ತೆಗೆದಿಟ್ಟುಕೊಳ್ಳಿ, ಎರಡೂ ಅಳತೆಗೆ ಅದನ್ನೇ ಕತ್ತರಿಸಿಕೊಳ್ಳಬಹುದು.