ಸಂಪಾದಕರ ಉತ್ತರ: ಉಳಿದ ಮೂವರ ಹೆಸರು

ಮಾನ್ಯರೇ,

ಕಿರುಚಿತ್ರಗಳನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿತು. 2024ರಲ್ಲಿ ಫ್ರಾನ್ಸಿನ ಕಾನ್ ಚಲನಚಿತ್ರೋತ್ಸವದ, ಚಿತ್ರಶಾಲೆಗಳ ವಿದ್ಯಾರ್ಥಿಗಳ ಚಿತ್ರಗಳಿಗೆಂದೇ ಇರುವ ‘ಲಾ ಸಿನೆಫ್’ ವಿಭಾಗದಲ್ಲಿ ಪ್ರಥಮ ಬಹುಮಾನ ಪಡೆದ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವೆರ್ ದಿ ಫಸ್ಟ್ ಒನ್ಸ್ ಟು ನೋ’ ಬಗ್ಗೆ ಎರಡು ಪುಟ ಬರೆದವರು ನಿರ್ದೇಶಕರ ಹೆಸರೊಂದನ್ನೇ ಕೊಟ್ಟಿದ್ದೀರಲ್ಲ, ಕ್ಯಾಮೆರಾ ಹಿಡಿದವರೂ ಧ್ವನಿ ಹಿಡಿದವರೂ ಲೆಕ್ಕಕ್ಕಿಲ್ಲವೇ ಎಂದು ಕೇಳಿದ್ದೀರಿ. ಧ್ವನಿಗ್ರಹಣ ಕಲಿಯುತ್ತಿರುವ ನಿಮ್ಮ ಮಗಳನ್ನು ನೆಂಟರು ‘ಸಿನಿಮಾದಲ್ಲಿ ನೀನು ಏನು ಮಾಡುತ್ತೀಯ’ ಎಂದು ಕೇಳಿದರೆ ತೋರಿಸುವುದಕ್ಕೆ ಪತ್ರಿಕೆಯ ಒಂದು ಸಾಲೂ ಸಿಗುವುದಿಲ್ಲ ಎಂದೂ ಬರೆದಿದ್ದೀರಿ.

ತಪ್ಪು ನಮ್ಮದೇ. ಆದ್ದರಿಂದ ಮೊದಲು ಹೆಸರುಗಳನ್ನು ಕೊಡುತ್ತೇನೆ. ನಿರ್ದೇಶನ ಚಿದಾನಂದ ಎಸ್. ನಾಯ್ಕ್ ಅವರದು, ಛಾಯಾಗ್ರಹಣ ಸೂರಜ್ ಠಾಕೂರ್ ಅವರದು, ಸಂಕಲನ ಮನೋಜ್ ವಿ. ಅವರದು, ಧ್ವನಿ ಅಭಿಷೇಕ್ ಕದಮ್ ಅವರದು. ಬಹುಮಾನದ ಸುದ್ದಿಯೊಂದಿಗೆ ಹೊರಬಿದ್ದ ಸರ್ಕಾರಿ ಪ್ರಕಟಣೆಯಲ್ಲಿಯೇ ಈ ನಾಲ್ಕೂ ಹೆಸರುಗಳಿದ್ದವು. ಹಾಗಿದ್ದೂ ಮೂರನ್ನು ಕೈಬಿಟ್ಟದ್ದಕ್ಕೆ ಸ್ಥಳಾಭಾವದ ನೆಪವನ್ನು ಒಡ್ಡಲಾರೆ.

ಈ ಚಿತ್ರದ ಮಟ್ಟಿಗೆ ನಮ್ಮ ಲೋಪ ಇನ್ನೂ ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ಇದು ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ಟೆಲಿವಿಷನ್ ವಿಭಾಗದಲ್ಲಿ, ಒಂದು ವರ್ಷದ ವ್ಯಾಸಂಗದ ಕೊನೆಗೆ ತಯಾರಾದ ಚಿತ್ರ. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಎಂಬ ನಾಲ್ಕು ಬೇರೆ ಬೇರೆ ಶಿಸ್ತುಗಳ ವಿದ್ಯಾರ್ಥಿಗಳು ಒಟ್ಟಿಗೆ ಕೂಡಿ ಒಂದೇ ಚಿತ್ರವನ್ನು ಮಾಡಬೇಕೆಂಬುದು ಅಲ್ಲಿನ ಪಾಠಕ್ರಮದ ಭಾಗ. ಅಂದರೆ ನಿರ್ದೇಶಕರು ಇತರ ಮೂವರನ್ನು ಸಂಬಳ ಕೊಟ್ಟು ಕರೆಸಿಕೊಂಡ ಚಿತ್ರ ಇದಲ್ಲ. ನಾಲ್ವರೂ ತಮ್ಮ ವರ್ಷದ ಕಲಿಕೆಯನ್ನು ಒಂದೇ ಉತ್ತರಪತ್ರಿಕೆಯಲ್ಲಿ ಬರೆದಿದ್ದಾರೆ. ಆ ವರ್ಷ 555 ಚಿತ್ರಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ ಆಯ್ಕೆಯಾದ 18ರ ಪೈಕಿ ಈ ಸುಮಾರು 16 ನಿಮಿಷದ ಚಿತ್ರವೂ ಒಂದಾಗಿ, ಕೊನೆಗೆ ಮೊದಲ ಸ್ಥಾನಕ್ಕೇರಿತು.

ಕಥೆಯನ್ನು ನೆನೆಸಿಕೊಂಡರೂ ಸಾಕು, ಕೆಲಸ ಎಷ್ಟು ಜನರ ಮೇಲೆ ಬಿದ್ದಿತ್ತೆಂಬುದು ತಿಳಿಯುತ್ತದೆ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ ಅಜ್ಜಿಯ ಕಥೆಯನ್ನು ನಾವೆಲ್ಲ ಮಡಿಲಲ್ಲಿ ಕುಳಿತು ಕೇಳಿದವರೇ. ಜನಪದ ಕಥೆಯಿಂದ ಹುಟ್ಟಿದ ಈ ಚಿತ್ರದಲ್ಲಿ ಮುದುಕಿಯೊಬ್ಬಳು ಹುಂಜವನ್ನು ಕದ್ದೊಯ್ಯುತ್ತಾಳೆ, ಊರಿಗೆ ನಿಜವಾಗಿಯೂ ಬೆಳಗಾಗುವುದಿಲ್ಲ. ‘ಬೆಳಗಾಗಲಿಲ್ಲ’ ಎಂದು ಕಾಗದದ ಮೇಲೆ ಬರೆಯುವುದು ಒಂದು ಪದದ ಕೆಲಸ. ಸೂರ್ಯನಿಲ್ಲದ ಊರಿನಲ್ಲಿ ಮುಖಗಳು ಎಷ್ಟು ಕಾಣಬೇಕು, ಕತ್ತಲು ಎಲ್ಲಿ ಉಳಿಯಬೇಕು, ಬೆಳಕು ಬರುವುದಾದರೆ ಯಾವ ದಿಕ್ಕಿನಿಂದ ಬರಬೇಕು ಎಂಬುದನ್ನು ಒಂದೊಂದು ಷಾಟ್‌ಗೂ ತೀರ್ಮಾನಿಸಬೇಕಾದವರು ಛಾಯಾಗ್ರಾಹಕರು. ಹುಂಜ ಕೂಗದ ಊರಿನ ಮೌನ ಹೇಗೆ ಕೇಳಿಸಬೇಕೆಂಬುದು ಧ್ವನಿ ಹಿಡಿಯುವವರ ಪ್ರಶ್ನೆ. ಬಾರದ ಬೆಳಗಿಗಾಗಿ ನೋಡುಗನನ್ನು ಎಷ್ಟು ಹೊತ್ತು ಕಾಯಿಸಬೇಕೆಂಬುದು ಸಂಕಲನದ ಪ್ರಶ್ನೆ. ಅಲ್ಲಿ ಎರಡು ಸೆಕೆಂಡು ಹೆಚ್ಚಾದರೂ ಕಡಿಮೆಯಾದರೂ ಕಥೆಯ ಉಸಿರು ತಪ್ಪುತ್ತದೆ.

ಧ್ವನಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಮನೆಯಲ್ಲಿಯೇ ಆ ವಿದ್ಯೆಯಿದೆ. ಕೆಲವು ವರ್ಷಗಳ ಹಿಂದೆ ಪರಿಚಯದ ಹುಡುಗರು ಕೈಯಿಂದ ದುಡ್ಡು ಹಾಕಿ ಮಾಡುತ್ತಿದ್ದ ಕಿರುಚಿತ್ರವೊಂದರ ರಾತ್ರಿ ಚಿತ್ರೀಕರಣವನ್ನು ನೋಡಲು ಹೋಗಿದ್ದೆ. ಜನರೇಟರಿನ ಸದ್ದು ಮೈಕಿಗೆ ಬೀಳದಿರಲೆಂದು ಅದನ್ನು ಎರಡು ಹೊಲದಾಚೆ, ಬೇಲಿಯ ಹಿಂದೆ ಇಟ್ಟು, ಅಲ್ಲಿಂದ ಮನೆಯ ಅಂಗಳದವರೆಗೆ ಕೇಬಲ್ ಎಳೆದಿದ್ದರು. ಉದ್ದನೆಯ ಕೋಲಿನ ತುದಿಗೆ ಬೂಮ್ ಮೈಕ್ ಕಟ್ಟಿಕೊಂಡು, ಎರಡೂ ಕೈಗಳನ್ನು ತಲೆಯ ಮೇಲೆ ಚಾಚಿ ನಿಂತಿದ್ದ ಹುಡುಗನ ತೋಳು ಸಣ್ಣಗೆ ನಡುಗುತ್ತಿತ್ತು. ನಟಿ ಬಹಳ ಚೆನ್ನಾಗಿ ಅಭಿನಯಿಸಿದರು, ನಿರ್ದೇಶಕ ‘ಓಕೆ’ ಎಂದು ಕೂಗಿದ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ ಹುಡುಗಿ ಮಾತ್ರ ಕೈಯೆತ್ತಿ, ‘ಪಂಪ್‌ಸೆಟ್ ಶುರುವಾಯಿತು, ಕೊನೆಯ ಮಾತಿನ ಕೆಳಗೆ ಬಂದಿದೆ’ ಎಂದಳು. ನಮಗಾರಿಗೂ ಅದು ಕೇಳಿಸಿರಲಿಲ್ಲ. ನಡುರಾತ್ರಿ ದಾಟಿತ್ತು, ಎಲ್ಲರೂ ದಣಿದಿದ್ದರು. ಆದರೂ ಆ ಟೇಕನ್ನು ಮತ್ತೊಮ್ಮೆ ತೆಗೆದರು. ಅದು ಮುಗಿದ ಮೇಲೆ ಅವಳು ಒಂದು ನಿಮಿಷ ಯಾರೂ ಅಲುಗಾಡಬೇಡಿ ಎಂದು ಕೇಳಿಕೊಂಡು, ಆ ಅಂಗಳದ ಬರಿಯ ನಿಶ್ಶಬ್ದವನ್ನು ಧ್ವನಿಮುದ್ರಿಸಿಕೊಂಡಳು. ಜೀರುಂಡೆ, ದೂರದ ನಾಯಿ, ಹೆಂಚಿನ ಮೇಲೆ ಬಿದ್ದ ಒಣಗಿದ ಎಲೆ. ಸಂಕಲನದ ಮೇಜಿನಲ್ಲಿ ಎರಡು ಮಾತುಗಳ ನಡುವೆ ತೂತು ಬಿದ್ದರೆ ಅದನ್ನು ಮುಚ್ಚುವುದು ಆ ಒಂದು ನಿಮಿಷವೇ. ಚಿತ್ರ ನೋಡುವವರಿಗೆ ಅದು ಗೊತ್ತೇ ಆಗಬಾರದು. ಗೊತ್ತಾಗದಂತೆ ಮಾಡುವುದೇ ಅವಳ ಕೆಲಸದ ಹೆಚ್ಚುಗಾರಿಕೆ.

ಆ ತಂಡದಲ್ಲಿ ಯಾರಿಗೂ ಸಂಬಳವಿರಲಿಲ್ಲ. ಬಸ್ಸಿನ ಖರ್ಚು, ಎರಡು ಹೊತ್ತಿನ ಊಟ, ಕೊನೆಯಲ್ಲಿ ತೆರೆಯ ಮೇಲೆ ಹೆಸರು, ಅಷ್ಟೇ. ಸ್ವತಂತ್ರ ಕಿರುಚಿತ್ರಗಳಲ್ಲಿ ಬಹುಪಾಲು ಜನರಿಗೆ ಹೆಸರೇ ಕೂಲಿ. ಮುಂದಿನ ಕೆಲಸ ಸಿಗುವುದೂ ಅದರಿಂದಲೇ. ಹೀಗಿರುವಾಗ ನಾವು ಹೆಸರು ಕೈಬಿಟ್ಟರೆ ಕೊಡಬೇಕಾದ ಕೂಲಿಯನ್ನು ಹಿಡಿದಂತೆಯೇ ಆಗುತ್ತದೆ.

ನಿಮ್ಮ ಒಂದು ಮಾತನ್ನು ಮಾತ್ರ ಒಪ್ಪಲಾರೆ. ನಿರ್ದೇಶಕರಿಗೆ ಸಿಗುವ ಮನ್ನಣೆ ಅತಿಯಾಯಿತು ಎಂದಿದ್ದೀರಿ. ಮೈಸೂರಿನಲ್ಲಿ ವೈದ್ಯಕೀಯ ಓದಿ, ಆ ದಾರಿಯನ್ನು ಬಿಟ್ಟು ಸಿನಿಮಾ ಕಲಿಯಲು ಹೊರಟ ಚಿದಾನಂದ ಅವರು ನಮ್ಮ ಅಜ್ಜಿಯರ ಕಥೆಯೊಂದನ್ನು ಪುಣೆಯಲ್ಲಿ ಕನ್ನಡದಲ್ಲಿಯೇ ಹೇಳಿದ್ದು ಸಣ್ಣ ಸಂಗತಿಯಲ್ಲ. ಅವರಿಗೆ ಸಂದ ಮನ್ನಣೆಯಲ್ಲಿ ಕಿತ್ತು ಇನ್ನೊಬ್ಬರಿಗೆ ಕೊಡಬೇಕಾದ್ದೇನೂ ಇಲ್ಲ. ನಾವು ಬರೆಯದೆ ಬಿಟ್ಟದ್ದನ್ನು ಬರೆಯಬೇಕಾಗಿದೆ.

ಮುಂದಿನ ಸಂಚಿಕೆಯಿಂದ ಪ್ರತಿ ಕಿರುಚಿತ್ರದ ಬರಹದ ತಲೆಯಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ, ಕಲೆ ಈ ಐದು ವಿಭಾಗದವರ ಹೆಸರುಗಳೂ ಮುಖ್ಯ ಕಲಾವಿದರ ಹೆಸರುಗಳೂ ಇರುತ್ತವೆ. ಹೆಸರುಗಳು ಸಿಗದಿದ್ದರೆ ತಂಡವನ್ನು ಕೇಳಿ ಪಡೆಯಬೇಕೆಂದು ನಮ್ಮ ಲೇಖಕರಿಗೆ ತಿಳಿಸಿದ್ದೇನೆ. ನಿಮ್ಮ ಮಗಳು ಕೆಲಸ ಮಾಡಿದ ಚಿತ್ರ ಪೂರ್ತಿಯಾದಾಗ ದಯವಿಟ್ಟು ನಮಗೆ ಕಳುಹಿಸಿಕೊಡಿ. ಜೊತೆಗೆ ತಂಡದ ಎಲ್ಲರ ಹೆಸರನ್ನೂ, ಅವರವರು ಬರೆಯುವ ಕಾಗುಣಿತದಲ್ಲಿಯೇ, ಒಂದು ಹಾಳೆಯಲ್ಲಿ ಬರೆದುಕೊಡಲು ಅವಳಿಗೆ ಹೇಳಿ.

ಸಂಪಾದಕ